ಸಹಿಗೆ ಬಿಟ್ಟ ಜಾಗ

ಶಾಯಕ್ಕನಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆ. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ಹತ್ತೊಂಬತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಬೇರೆಯವರು ಪೆನ್ಸಿಲಿನಲ್ಲಿ ಬಿಡಿಸಿದ ಚಿತ್ರಗಳ ಮೇಲೆ ಕಪ್ಪು ಶಾಯಿ ತಿದ್ದಿದವಳನ್ನು ಆ ಮಕ್ಕಳ ವಾರಪತ್ರಿಕೆಯ ಕಚೇರಿಯಲ್ಲಿ ಇನ್ನೇನೆಂದು ಕರೆದಾರು? ಬಲಗೈ ನಡುಬೆರಳಿನ ಉಗುರಿನ ಸುತ್ತ ಕಪ್ಪು ಕೂತುಬಿಟ್ಟಿತ್ತು. ಮೊದಮೊದಲು ನಿಂಬೆಹೋಳಿನಿಂದ ತಿಕ್ಕಿ ತೊಳೆಯುತ್ತಿದ್ದಳು. ನಲವತ್ತು ದಾಟಿದ ಮೇಲೆ ಯಾರು ನೋಡಬೇಕಾಗಿದೆ ಎಂದು ಅದನ್ನೂ ಬಿಟ್ಟಳು.

ಅವಳ ಕೆಲಸ ಹೇಳುವುದಕ್ಕೆ ಸುಲಭ. ಪತ್ರಿಕೆಯ ಕೊನೆಯ ಪುಟದಲ್ಲಿ ಕೊಡೆ ತಾತ ಎಂಬ ಬೋಳುತಲೆಯ ಮುದುಕ ಪ್ರತಿ ವಾರ ಒಂದಲ್ಲ ಒಂದು ಪೇಚಿಗೆ ಸಿಕ್ಕಿ, ಕೈಯಲ್ಲಿದ್ದ ಕೊಡೆಯಿಂದಲೇ ಪಾರಾಗುತ್ತಿದ್ದ. ಅವನನ್ನು ಹುಟ್ಟಿಸಿದವರು ಮೇಷ್ಟ್ರು. ಅವರು ಮನೆಯಲ್ಲೇ ಕೂತು ಪೆನ್ಸಿಲಿನ ಕರಡು ಮಾಡಿ ಬುಧವಾರ ಕಳಿಸುತ್ತಿದ್ದರು. ಶಾಯಕ್ಕ ಅದನ್ನು ಅಡಿಯಲ್ಲಿ ಟ್ಯೂಬ್ ಲೈಟ್ ಉರಿಯುವ ಗಾಜಿನ ಮೇಜಿನ ಮೇಲಿಟ್ಟು, ಮೇಲೊಂದು ಒಳ್ಳೆಯ ಹಾಳೆ ಹಾಸಿ, ನಿಬ್ಬಿನಲ್ಲಿ ಶಾಯಿ ತಿದ್ದುತ್ತಿದ್ದಳು. ಶನಿವಾರ ಆ ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟುಕೊಂಡು, ಎರಡು ಬಸ್ಸು ಬದಲಿಸಿ ಮೇಷ್ಟ್ರ ಮನೆಗೆ ಹೋಗುತ್ತಿದ್ದಳು. ಮೇಷ್ಟ್ರು ನೋಡಿ, ಹೂಂ ಎಂದು, ಬಲಗಡೆಯ ಕೆಳಮೂಲೆಯಲ್ಲಿ ಸಹಿ ಹಾಕುತ್ತಿದ್ದರು. ಸಹಿಗೆಂದು ಅವಳು ಅಲ್ಲಿ ಯಾವಾಗಲೂ ಎರಡು ಬೆರಳಗಲ ಜಾಗ ಬಿಡುತ್ತಿದ್ದಳು. ಹುಲ್ಲಾಗಲಿ, ಕಲ್ಲಾಗಲಿ, ನಾಯಿಯ ಬಾಲವಾಗಲಿ, ಆ ಮೂಲೆಗೆ ಕಾಲಿಡುವಂತಿರಲಿಲ್ಲ.

ಆ ವರ್ಷ ಮೇಷ್ಟ್ರು ಇನ್ನು ಸಾಕು ಎಂದರು. ವಯಸ್ಸು ಎಂಬತ್ತಕ್ಕೆ ಹತ್ತಿರ, ಕಣ್ಣು ಮಂಜು, ಕೈಯಲ್ಲಿ ನಡುಕ. ಕೊಡೆ ತಾತನ ಕೊನೆಯ ಕಂತು ಅಚ್ಚಾದಾಗ ಮಕ್ಕಳಿಂದ ಎರಡು ಚೀಲ ಪತ್ರ ಬಂತು. ಆಯ್ದ ಪುಟಗಳನ್ನು ಸೇರಿಸಿ ಒಂದು ದೊಡ್ಡ ಪುಸ್ತಕ ಮಾಡಬೇಕೆಂದು ಸಂಪಾದಕ ಆಗಲೇ ಓಡಾಟ ಶುರು ಮಾಡಿದ. ಸಂಪಾದಕ ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. ಕೆಟ್ಟವನಲ್ಲ, ಕೆಟ್ಟವನಾಗುವುದಕ್ಕೂ ಪುರುಸೊತ್ತು ಬೇಕು, ಅವನಿಗೆ ಅದು ಇರಲಿಲ್ಲ.

"ಕೊನೇ ಪುಟಕ್ಕೆ ಹೊಸ ಪಾತ್ರ ಬೇಕು," ಎಂದು ಅವನು ಎಲ್ಲರನ್ನೂ ಕೂರಿಸಿಕೊಂಡು ಹೇಳಿದ. "ಯಾರು ಬೇಕಾದ್ರೂ ಮಾಡಿ ತನ್ನಿ. ಆಫೀಸಿನವರು, ಹೊರಗಿನವರು, ಯಾರಾದ್ರೂ ಸರಿ. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣುತ್ತೆ ಅಂತ ಬೇಕು. ಆರು ಮುಖಭಾವ ಬೇಕು. ಹತ್ತು ವಾರ ಟೈಮಿದೆ." ಆಮೇಲೆ ಅವಳ ಕಡೆ ತಿರುಗಿ, "ನೀವೂ ಮಾಡಿ ಅಕ್ಕಾ," ಎಂದ, ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತವರಿಗೆ ಬಾಯಿಮಾತಿಗೆ ಹೇಳುವ ಹಾಗೆ.

ಹೊರಗಿನವರ ಚಿತ್ರಗಳು ಈಗ ಕಂಪ್ಯೂಟರಿನಲ್ಲೇ ಶಾಯಿ ಮುಗಿಸಿಕೊಂಡು ಬರುತ್ತಿದ್ದವು. ಹಾಗಾಗಿ ಪುಟ ಹೊರಗಿನವರ ಪಾಲಾದರೆ ಶಾಯಕ್ಕನಿಗೆ ಉಳಿಯುವುದು ಪದಬಂಧದ ಚೌಕ ಎಳೆಯುವ ಕೆಲಸ, 'ಚುಕ್ಕಿ ಸೇರಿಸಿ ಚಿತ್ರ ನೋಡಿ' ಪುಟಕ್ಕೆ ಚುಕ್ಕಿ ಇಡುವ ಕೆಲಸ. ಅದಕ್ಕಾದರೂ ಅವಳು ಒಗ್ಗಿಕೊಳ್ಳುತ್ತಿದ್ದಳೋ ಏನೋ. ಅವಳನ್ನು ಕೊರೆದದ್ದು ಬೇರೆ ಪ್ರಶ್ನೆ. ನಲವತ್ತೇಳು ವರ್ಷದಲ್ಲಿ ತನ್ನದು ಅಂತ ಒಂದು ಗೆರೆಯನ್ನಾದರೂ ತಾನು ಎಳೆದದ್ದುಂಟೇ? ಅದನ್ನು ಒಮ್ಮೆ ಕೇಳಿಕೊಂಡ ಮೇಲೆ ಮತ್ತೆ ಕೇಳದೇ ಇರಲು ಆಗಲಿಲ್ಲ.

ಮೂರು ಖಾಲಿ ಚಿತ್ರದ ಪುಸ್ತಕ ಕೊಂಡು ತಂದಳು.

ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಅತ್ತೆ. ಗಂಡ ಹೋಗಿ ಒಂಬತ್ತು ವರ್ಷವಾಗಿತ್ತು. ಅತ್ತೆ ಸೊಸೆ ಜಗಳವಾಡಿದರೆ ಬಿಡಿಸುವುದಕ್ಕೆ ಮೂರನೆಯವರಿಲ್ಲ, ಹಾಗಾಗಿ ಇಬ್ಬರೂ ಜಗಳವನ್ನು ಮಿತವಾಗಿ ಬಳಸುತ್ತಿದ್ದರು. ಅತ್ತೆ ಭಾರೀ ಆಳು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುತ್ತ, ಹತ್ತನೇ ಕಾಯಿಗೆ ನಿದ್ದೆ ಹೋಗುತ್ತಿದ್ದಳು. ಗದ್ದ ಎದೆಗೆ ಇಳಿದು, ಬಾಯಿ ಅಷ್ಟಗಲ ತೆರೆದು, ಕೈಯಲ್ಲಿ ಅರ್ಧ ಸುಲಿದ ಕಾಯಿ ಹಾಗೇ ಇರುತ್ತಿತ್ತು. ಎಬ್ಬಿಸಿದರೆ ಒಂದೇ ಮಾತು: "ನಿದ್ದೆ ಎಲ್ಲಿ ಬಂತು? ಕಣ್ಣು ಮುಚ್ಕೊಂಡು ನೋಡ್ತಾ ಇದ್ದೆ."

ಮೊದಲನೆಯ ಪುಸ್ತಕ ಪೂರ್ತಿ ದಂಡವಾಯಿತು. ಅಗ್ನಿಶಾಮಕದವನನ್ನು ಬಿಡಿಸಿದಳು, ಸರ್ಕಸ್ಸಿನ ಹುಡುಗಿಯನ್ನು ಬಿಡಿಸಿದಳು, ಮಾತಾಡುವ ಆನೆಯನ್ನೂ ಬಿಡಿಸಿದಳು. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬಂತೆ ಆನೆಗೆ ಹೆಸರು, ತಂಗಿ, ಶಾಲೆ ಎಲ್ಲವನ್ನೂ ಯೋಚಿಸಿದ್ದಳು. ಆದರೆ ಬಿಡಿಸಿದ ಆನೆ ಕೊಡೆ ತಾತನ ಹಾಗೇ ನಿಂತಿತ್ತು, ಒಂದು ಭುಜ ಮೇಲೆ, ಒಂದು ಕೆಳಗೆ. ಅತ್ತೆ ಪುಸ್ತಕ ಇಸಿದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಪುಟ ತಿರುವಿದಳು.

"ಎಲ್ಲಾ ಒಂದೇ ಮನೆಯವರ ಹಾಗಿದ್ದಾರಲ್ಲೇ. ಇವಳು ಆ ಮುದುಕನ ತಂಗಿ. ಇವನು ಭಾವಮೈದ."

"ಅದು ಆನೆ ಅತ್ತೆ."

"ಆನೇನೂ ಸಂಬಂಧಿಕರೇ."

ಎರಡನೆಯ ಪುಸ್ತಕದಲ್ಲಿ ಅವಳು ಕೈಯನ್ನು ಮೋಸ ಮಾಡಲು ನೋಡಿದಳು. ಎಡಗೈಯಲ್ಲಿ ಬಿಡಿಸಿದಳು. ಬೆಂಕಿಕಡ್ಡಿಯನ್ನು ಶಾಯಿಗೆ ಅದ್ದಿ ಬಿಡಿಸಿದಳು. ಬಸ್ಸಿನಲ್ಲಿ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಗುಂಡಿ ಬಿದ್ದ ರಸ್ತೆ ಗೆರೆಯನ್ನು ಎತ್ತೆತ್ತಲೋ ಎಳೆದೊಯ್ಯಲಿ ಎಂದು ಬಿಟ್ಟಳು. ಎಡಗೈಯಲ್ಲಿ ಬಿಡಿಸಿದ್ದೂ ಮೇಷ್ಟ್ರದೇ ಹಾಗೆ ಕಂಡಿತು, ಬರೀ ಸೊಟ್ಟ ಅಷ್ಟೇ. ಬೇರೆಯವರ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಇಟ್ಟು ತನ್ನ ಕಾಲಿನ ಅಳತೆಯೇ ಮರೆತುಹೋಗಿದೆ ಎಂದು ಅವಳಿಗೆ ಅನ್ನಿಸಿತು. ಆ ವಾರ ಬಹಳ ಸುಸ್ತಾಗಿದ್ದಳು. ಬೆಳಿಗ್ಗೆ ಏಳುವಾಗಲೇ ಸುಸ್ತು, ನಿದ್ದೆ ಮಾಡಿದ್ದೂ ಒಂದು ಕೆಲಸವೇನೋ ಎನ್ನುವ ಹಾಗೆ.

ಮೂರನೆಯ ಪುಸ್ತಕದ ಹೊತ್ತಿಗೆ ಪಾತ್ರ ಮಾಡುವ ಹುಚ್ಚು ಬಿಟ್ಟುಹೋಯಿತು. ಕೊಂಡ ಪುಸ್ತಕ ಹಾಳು ಮಾಡುವುದೇಕೆ ಎಂದು, ಭಾನುವಾರ ಮಧ್ಯಾಹ್ನ ಎದುರಿಗೆ ಕೂತು ಅತ್ತೆಯನ್ನೇ ಬಿಡಿಸಲು ಶುರು ಮಾಡಿದಳು. ಮಲಗಿದವರನ್ನು ಬಿಡಿಸುವುದು ಸುಲಭ, ಅಲ್ಲಾಡುವುದಿಲ್ಲ, ಹೇಗೆ ಬಂತೆಂದು ಕೇಳುವುದೂ ಇಲ್ಲ. ಮೊದಲ ಇಪ್ಪತ್ತು ಪುಟದಲ್ಲಿ ಸೀರೆಯ ನೆರಿಗೆ, ಕುರ್ಚಿಯ ಕಾಲು, ಬಟಾಣಿಯ ಬುಟ್ಟಿ ಎಲ್ಲ ಇದ್ದವು. ಆಮೇಲೆ ಬೇಜಾರಾಗಿ ಒಂದೊಂದಾಗಿ ಬಿಟ್ಟಳು. ಕುರ್ಚಿ ಹೋಯಿತು. ನೆರಿಗೆ ಹೋಯಿತು. ಅತ್ತೆ ಮೂರೇ ಗೆರೆಯಾಗಿ ಉಳಿದಳು: ಒಂದು ದೊಡ್ಡ ಗುಂಡನೆಯ ಬೆನ್ನು, ಅದರೊಳಗೆ ಇಳಿದ ಗದ್ದ, ಪೂರ್ತಿ ಮುಚ್ಚದ ಒಂದು ರೆಪ್ಪೆ. ಕೆಳಗಡೆ ದಪ್ಪವಾಗಿ, ಮೇಲಕ್ಕೆ ಹೋದ ಹಾಗೆ ಕೂದಲೆಳೆಯಷ್ಟು ತೆಳ್ಳಗಾಗುವ ಗೆರೆ. ಅರವತ್ತನೆಯ ಪುಟದಲ್ಲೋ ಎಲ್ಲೋ ಅವಳು ಕೈ ನಿಲ್ಲಿಸಿ ನೋಡಿದಳು. ಪುಟದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಬ್ಯಾಂಕಿನ ಸಾಲಿನಲ್ಲಿ, ಬಸ್ಸಿನಲ್ಲಿ, ಭಾಷಣದ ಮೊದಲ ಸಾಲಿನಲ್ಲಿ, ಎಲ್ಲಿ ಬೇಕಾದರೂ ತೂಕಡಿಸಬಲ್ಲ ಹೆಂಗಸು. ಮಲಗಿದ್ದಾಳೆಂದು ಕಳ್ಳರು ಅವಳ ಮುಂದೆಯೇ ಗುಟ್ಟು ಮಾತಾಡುತ್ತಾರೆ. ಅವಳು ಕಣ್ಣು ಮುಚ್ಚಿಕೊಂಡು ಎಲ್ಲ ನೋಡಿರುತ್ತಾಳೆ. ತೂಕಡಿಕೆ ಅತ್ತೆ.

ಆರು ಮುಖಭಾವ ಬೇಕು ಎಂದಿದ್ದ ಸಂಪಾದಕ. ನಿದ್ದೆ ಮಾಡುವವಳಿಗೆ ಎಲ್ಲಿಯ ಆರು ಮುಖಭಾವ? ಅದಕ್ಕೇ ಮೂರು ಭಾನುವಾರ ಹಿಡಿಯಿತು. ಒಂದು ದಿನ ಒಲೆಯ ಮೇಲೆ ಹಾಲು ಉಕ್ಕುವ ವಾಸನೆ ಬಂತು, ಅತ್ತೆಯ ಕಣ್ಣು ತೆರೆಯಲಿಲ್ಲ, ಕಾಲಿನ ಹೆಬ್ಬೆರಳು ಮಾತ್ರ ನೆಟ್ಟಗೆ ಎದ್ದು ನಿಂತಿತು. ಶಾಯಕ್ಕ ಹಾಲು ಉಕ್ಕಲು ಬಿಟ್ಟು ಹೆಬ್ಬೆರಳು ಬಿಡಿಸಿದಳು. ಸಿಟ್ಟು, ಸಂತೋಷ, ಹೆದರಿಕೆ, ಆಶ್ಚರ್ಯ, ದುಃಖ, ನಾಚಿಕೆ, ಆರನ್ನೂ ಹುಬ್ಬಿಗೂ ಕಾಲ್ಬೆರಳಿಗೂ ಹಂಚಿಬಿಟ್ಟಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇರಲಿ, ಇದು ಹೆಗ್ಗಣವೂ ಆಗಿರಲಿಲ್ಲ. ಎಷ್ಟೋ ವರ್ಷದ ಮೇಲೆ ಅವಳಿಗೆ ತನ್ನ ಕೈಯ ಮೇಲೆ ಪ್ರೀತಿ ಬಂತು. ಕೊನೆಯ ಹಾಳೆಗೆ ಶಾಯಿ ಹಾಕುವಾಗ ಕೆಳಮೂಲೆಯಲ್ಲಿ ಎರಡು ಬೆರಳಗಲ ಜಾಗ ಬಿಟ್ಟಳು. ಬಿಟ್ಟದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಒಂಬತ್ತನೆಯ ವಾರ ಸಂಪಾದಕ ಅವಳನ್ನು ಒಳಗೆ ಕರೆದ. ಎದ್ದು ಬಂದು ತಾನೇ ಬಾಗಿಲು ಮುಂದೆ ಮಾಡಿದ. ಬಾಗಿಲು ಮುಂದೆ ಮಾಡಿದನೆಂದರೆ ಒಳ್ಳೆಯ ಸುದ್ದಿಯಲ್ಲ.

"ಅಕ್ಕಾ, ಚೆನ್ನಾಗಿದೆ. ನಿಜವಾಗ್ಲೂ ನಕ್ಕುಬಿಟ್ಟೆ. ಆದ್ರೆ..."

"ಹೇಳಿ."

"ಇದು ಮೇಷ್ಟ್ರ ಕೈ."

ಅವನು ಅವಳ ಹಾಳೆಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಕೊಡೆ ತಾತನ ನಾಲ್ಕು ಪುಟ ಜೋಡಿಸಿದ. ಪುಸ್ತಕಕ್ಕೆಂದು ಆರಿಸಿ ಇಟ್ಟುಕೊಂಡಿದ್ದ ಪುಟಗಳು, ಎಲ್ಲವೂ ಈಚಿನವು. "ಈ ರೆಪ್ಪೆ ನೋಡಿ, ಪೂರ್ತಿ ಮುಚ್ಚಲ್ಲ. ಇಲ್ಲೂ ಅದೇ. ಕಾಲಿನ ಬೆರಳು ನೋಡಿ. ಗೆರೆ ಕೆಳಗೆ ದಪ್ಪ, ಮೇಲೆ ತೆಳು. ಮೇಷ್ಟ್ರ ಕೊನೇ ಆರು ವರ್ಷದ ಕೆಲಸವೇ ಎಲ್ಲಕ್ಕಿಂತ ಮೇಲು ಅಂತ ಜನ ಬರೀತಾರೆ. ವಯಸ್ಸಾದ ಹಾಗೆ ಗೆರೆ ಹಗುರ ಆಯ್ತು ಅಂತ. ಪುಸ್ತಕದಲ್ಲಿ ಅರ್ಧ ಅದೇ ಇರುತ್ತೆ. ಪಕ್ಕದಲ್ಲೇ ಅದೇ ಕೈಯ ನಕಲು ಹಾಕಿದ್ರೆ ಏನಂತಾರೆ ಹೇಳಿ. ತಪ್ಪು ತಿಳ್ಕೋಬೇಡಿ. ಅಷ್ಟು ವರ್ಷ ತಿದ್ದಿದವರಿಗೆ ಅಂಟದೆ ಇರುತ್ತಾ?"

ಅವಳು ನೋಡಿದಳು. ಅವನು ಹೇಳಿದ್ದು ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ರೆಪ್ಪೆಗೆ ರೆಪ್ಪೆ, ಬೆರಳಿಗೆ ಬೆರಳು, ಒಂದೇ ಕೈ. ಹಾಳೆ ತೆಗೆದುಕೊಂಡು ಹೊರಗೆ ಬಂದಳು. ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕಾಗುತ್ತದೆ.

ಮೇಷ್ಟ್ರ ಕರಡುಗಳೆಲ್ಲ ಅವಳ ಮೇಜಿನ ಹಿಂದಿನ ಕಬ್ಬಿಣದ ಬೀರುವಿನಲ್ಲಿದ್ದವು, ವರ್ಷಕ್ಕೊಂದು ಕಟ್ಟು, ಅವಳೇ ದಾರ ಹಾಕಿ ಕಟ್ಟಿಟ್ಟದ್ದು. ತಾನು ಎಲ್ಲಿ, ಯಾವಾಗ ಆ ಮನುಷ್ಯನಲ್ಲಿ ಇಷ್ಟು ಕರಗಿಹೋದೆ ಎಂದು ನೋಡಬೇಕೆನ್ನಿಸಿತು. ಹಳೆಯ ಕಟ್ಟನ್ನು ಬಿಚ್ಚಿದಳು. ಪೂರ್ತಿ ಚಿತ್ರ, ಗುಂಡಿಯ ತೂತೂ ಸೇರಿ. ಗೆರೆ ಗಟ್ಟಿ, ಎಲ್ಲ ಕಡೆ ಒಂದೇ ದಪ್ಪ. ರೆಪ್ಪೆ ಮುಚ್ಚಿದರೆ ಪೂರ್ತಿ ಮುಚ್ಚುತ್ತಿತ್ತು. ಕಾಲಿಗೆ ಯಾವಾಗಲೂ ಬೂಟು.

ಆಮೇಲೆ ಕೊನೆಯ ಆರು ಕಟ್ಟು ಬಿಚ್ಚಿದಳು. ಮೊದಲ ಕಟ್ಟಿನಲ್ಲಿ ಗುಂಡಿಗಳಿರಲಿಲ್ಲ. 'ಗುಂಡಿ ನೀನೇ ಹಾಕಮ್ಮ' ಎಂದು ಪಕ್ಕದಲ್ಲಿ ಬರೆದಿತ್ತು. ಎರಡನೆಯದರಲ್ಲಿ ಬೆರಳುಗಳಿರಲಿಲ್ಲ. ಮೂರನೆಯದರಲ್ಲಿ ಮುಖವಿರಲಿಲ್ಲ, ಮೊಟ್ಟೆಯಾಕಾರ ಒಂದೇ. ಕಡೆಯ ವರ್ಷದ್ದರಲ್ಲಿ ಒಂದು ನಡುಗುವ ಸುತ್ತು, ಒಂದು ಕಡ್ಡಿ, ಒಂದು ಬಾಣದ ಗುರುತು, ಅದರ ಮೇಲೆ 'ಇಲ್ಲಿ ಬೀಳುತ್ತಾನೆ'. ಅಷ್ಟೇ. ಪುಟಕ್ಕೆ ಪುಟ ಅಷ್ಟೇ.

ಅವಳು ನೋಡಿರಲಿಲ್ಲವೆಂದಲ್ಲ. ವಾರ ವಾರ ನೋಡಿದ್ದಳು. ಆದರೆ ಒಂದು ವಾರ ಗುಂಡಿ, ಒಂದು ವಾರ ಕಿವಿ ಎಂದು ಇಷ್ಟಿಷ್ಟೇ ಕಡಿಮೆಯಾಗುತ್ತ ಬಂದದ್ದು. ಮನೆಯ ಮಗು ಬೆಳೆದದ್ದು ಮನೆಯವರಿಗೆ ಕಾಣದ ಹಾಗೆ ಅವಳಿಗೂ ಕಂಡಿರಲಿಲ್ಲ. ತಾನು ತಿದ್ದುತ್ತಿದ್ದೇನೆ ಎಂದೇ ಅಂದುಕೊಂಡಿದ್ದಳು. ಮುಚ್ಚದ ರೆಪ್ಪೆಯೂ ಅವಳದು, ಬೂಟು ಕಳಚಿದವಳೂ ಅವಳೇ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಯಿತು, ಅದೂ ಎರಡು ಪುಸ್ತಕ ಹಾಳು ಮಾಡಿ, ಎಡಗೈಯಲ್ಲೂ ಹುಡುಕಿ. ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಬೀರುವಿನ ಬಾಗಿಲನ್ನು ಜೋರಾಗಿ ಹಾಕಿದಳು.

ಶನಿವಾರ ಎರಡು ಬಸ್ಸು ಬದಲಿಸಿ ಮೇಷ್ಟ್ರ ಮನೆಗೆ ಹೋದಳು. ಕೇಳಬೇಕಾದದ್ದು ಒಂದೇ: ಸಂಪಾದಕನಿಗೆ ಒಂದು ಮಾತು ಹೇಳಿ. ದಾರಿಯುದ್ದಕ್ಕೂ ಆ ಮಾತನ್ನು ಮೆದುವಾಗಿ, ಖಾರವಾಗಿ, ಅಳುತ್ತ, ನಗುತ್ತ ಹೇಳಿಕೊಂಡು ನೋಡಿದಳು.

ಮೇಷ್ಟ್ರ ಹೆಂಡತಿ ಬಾಗಿಲು ತೆಗೆದರು. "ಬಾರಮ್ಮ. ಮೂರು ತಿಂಗಳಾಯ್ತು ನೀನು ಬಂದು. ಶನಿವಾರ ಆದ್ರೆ ಇವರು ಬಾಗಿಲ ಕಡೆ ನೋಡ್ತಾ ಕೂತ್ಕೋತಾರೆ."

ಮೇಷ್ಟ್ರು ಬೆಳಕಿಗೆ ಬೆನ್ನು ಹಾಕಿ ಕೂತಿದ್ದರು. ಬಡವಾಗಿದ್ದರು. ಅವಳು ನಮಸ್ಕಾರ ಎನ್ನುವಷ್ಟರಲ್ಲಿ ಕೈ ಚಾಚಿದರು. ಅವಳು ರಟ್ಟಿನ ನಡುವಿನಿಂದ ತೂಕಡಿಕೆ ಅತ್ತೆಯನ್ನು ತೆಗೆದು ಕೊಟ್ಟಳು. ಮೇಷ್ಟ್ರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು, ಹೂಂ ಎಂದರು. ಜೇಬಿನಿಂದ ಪೆನ್ನು ತೆಗೆದರು. ಅವಳು ಬಾಯಿ ತೆರೆಯುವ ಮೊದಲೇ, ಎರಡು ಬೆರಳಗಲದ ಆ ಖಾಲಿ ಮೂಲೆಯಲ್ಲಿ ಸಹಿ ಹಾಕಿಬಿಟ್ಟರು. ಲೋಟ ಹಿಡಿಯಲಾರದ ಕೈ, ಸಹಿ ಮಾತ್ರ ಒಂದೇ ಎಳೆತಕ್ಕೆ, ಅಚ್ಚು ಹೊಡೆದ ಹಾಗೆ.

"ಅಯ್ಯೋ, ಅದು ಅವಳದು ಕಣ್ರೀ," ಎಂದರು ಹೆಂಡತಿ. "ಅವಳೇ ಮಾಡಿರೋದು, ಹೊಸದು. ನಿಮ್ಮದಲ್ಲ."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಲು ನೋಡುತ್ತಿದ್ದರು. ಅದು ಎರಡು ಸಲ ತಪ್ಪಿತು. "ಅವಳು ತಂದದ್ದು ಯಾವತ್ತು ನಂದಾಗಿತ್ತು?" ಎಂದರು.

ಶಾಯಕ್ಕನ ಬಾಯಲ್ಲಿ ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ ಒಂದು ಮಾತೂ ಉಳಿಯಲಿಲ್ಲ.

"ನಿಮಗೆ ಗೊತ್ತಿತ್ತಾ ಮೇಷ್ಟ್ರೇ?"

"ಆರು ವರ್ಷದಿಂದ ನಾನು ಹಾಕಿದ್ದು ಸಹಿ ಒಂದೇ. ಗೊತ್ತಿಲ್ಲದೆ ಏನಮ್ಮ?"

"ಒಂದು ಮಾತು ಹೇಳಬಹುದಿತ್ತು."

"ನೀನು ಕೇಳಿದ್ರೆ ಹೇಳ್ತಿದ್ದೆ ಅನ್ನಬೇಕು ಅಂತ ಆಸೆ. ಸುಳ್ಳು. ಕೇಳಿದ್ರೂ ಹೇಳ್ತಿರಲಿಲ್ಲ." ಮೇಷ್ಟ್ರು ಮುಚ್ಚಳವನ್ನು ಹೆಂಡತಿಯ ಕೈಗೆ ಕೊಟ್ಟರು. "ಪ್ರತಿ ಶನಿವಾರ ಅಂದ್ಕೋತಿದ್ದೆ, ಇವತ್ತು ಇವಳು ಕೇಳ್ತಾಳೆ ಅಂತ. ನೀನು ಹಾಳೆ ಇಟ್ಟು ಸುಮ್ಮನೆ ನಿಂತಿರ್ತಿದ್ದೆ. ಮೂಲೇಲಿ ನನಗೆ ಅಂತ ಜಾಗ ಬೇರೆ ಬಿಟ್ಟಿರ್ತಿದ್ದೆ. ಬಿಟ್ಟ ಜಾಗ ತುಂಬಿದೆ, ಅಷ್ಟೆ."

ಅವಳು ಸಂಪಾದಕ ಹೇಳಿದ್ದನ್ನು ಹೇಳಿದಳು. ನಕಲು ಎಂಬ ಮಾತು ಬಂದಾಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆಮೇಲೆ, "ಫೋನ್ ಹಚ್ಚು," ಎಂದರು ಹೆಂಡತಿಗೆ.

ಕಿವಿಗೆ ಹಿಡಿದರೆ ಕೈ ನಡುಗುತ್ತದೆಂದು ಹೆಂಡತಿ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಮೇಷ್ಟ್ರು ಸುತ್ತಿ ಬಳಸಿ ಮಾತಾಡಲಿಲ್ಲ. ಆರು ವರ್ಷದ ಕೊಡೆ ತಾತ ಇವಳದು, ನಾನು ಬರೀ ಸುತ್ತು ಹಾಕಿ ಕಳಿಸ್ತಿದ್ದೆ, ಆ ಗೆರೆ ಇವಳದು, ಆ ಹೆಸರೂ ಇವಳದೇ ಆಗಬೇಕು ಎಂದರು. ಎಂಬತ್ತರ ಹತ್ತಿರದ ಮನುಷ್ಯ, ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು ಹೇಳಿದರು.

ಆ ಕಡೆ ಸಂಪಾದಕನ ದನಿ ಒದ್ದೆಯಾಗಿತ್ತು. "ಮೇಷ್ಟ್ರೇ, ಇದೇ ನಿಮ್ಮ ದೊಡ್ಡತನ. ಜೊತೆಗೆ ಕೆಲಸ ಮಾಡಿದವಳಿಗೆ ತನ್ನ ಹೆಸರನ್ನೇ ಕೊಟ್ಟುಬಿಡೋರು ಯಾರಿದ್ದಾರೆ ಈ ಕಾಲದಲ್ಲಿ? ಈ ಮಾತನ್ನ ಪುಸ್ತಕದ ಮುನ್ನುಡಿಗೆ ಹಾಕ್ಕೊಳ್ಳಲಾ?"

"ದೊಡ್ಡತನ ಅಲ್ಲಯ್ಯಾ, ನಿಜ," ಎಂದರು ಮೇಷ್ಟ್ರು.

"ನೋಡಿ, ಹೀಗಂತೀರಲ್ಲ, ಅದೇ," ಎಂದ ಸಂಪಾದಕ.

ಫೋನು ನಿಂತ ಮೇಲೆ ಶಾಯಕ್ಕನಿಗೆ ನಗು ಬಂತು. ಮೇಷ್ಟ್ರಿಗೂ ಬಂತು, ಕೆಮ್ಮಿನ ಜೊತೆ. ಹೆಂಡತಿ ಮಾತ್ರ ನಗಲಿಲ್ಲ, ಕಾಫಿ ಮಾಡಲು ಎದ್ದು ಹೋದರು. ನಗು ಮುಗಿದಾಗ ಮೇಷ್ಟ್ರು ಹೇಳಿದರು: "ಕರಡು ಇದೆಯಲ್ಲ. ತಗೊಂಡು ಹೋಗಿ ಅವನ ಮೇಜಿನ ಮೇಲೆ ಹಾಕು. ಮಾತು ನಂಬದವನು ಕಾಗದ ನಂಬ್ತಾನೆ."

"ನಿಮ್ಮ ಪುಸ್ತಕ ಇದೆ ಮೇಷ್ಟ್ರೇ."

"ಇದೆ," ಎಂದರು. ಅವರ ಮುಖ ನೋಡಿದರೆ ಆ ಪುಸ್ತಕ ಅವರಿಗೆ ಎಷ್ಟು ಬೇಕಾಗಿದೆ ಎಂದು ಗೊತ್ತಾಗುತ್ತಿತ್ತು. ಆದರೆ ಹೇಳಿದ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದಾಗ ಅತ್ತೆ ಹಾಳೆ ಇಸಿದುಕೊಂಡಳು. ತಾನು ಗೊರಕೆ ಹೊಡೆಯುವ ಚಿತ್ರವನ್ನು ಬಹಳ ಹೊತ್ತು ನೋಡಿದಳು, ಹೆಬ್ಬೆರಳು ನೋಡಿ ತನ್ನ ಹೆಬ್ಬೆರಳೂ ನೋಡಿಕೊಂಡಳು. ಕೊನೆಗೆ ಕೆಳಮೂಲೆಗೆ ಬೆರಳಿಟ್ಟಳು.

"ನನ್ನ ಚಿತ್ರದ ಕೆಳಗೆ ಯಾವನದೋ ಹೆಸರು ಯಾಕೆ?"

"ಹಾಕಿಬಿಟ್ರು ಅತ್ತೆ."

"ಹಾಕೋವರೆಗೂ ನೀನೇನು ನಿದ್ದೆ ಮಾಡ್ತಿದ್ಯಾ?"

ಆ ಹಾಳೆಯನ್ನು ಹಾಗೇ ಕೊಟ್ಟರೆ ಸಾಕಿತ್ತು, ಮೇಷ್ಟ್ರ ಹೊಸ ಪಾತ್ರವೆಂದು ಸಂಪಾದಕ ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದ. ಆದರೆ ಶಾಯಕ್ಕ ಭಾನುವಾರ ಪೂರ್ತಿ ಕೂತು ಇನ್ನೊಂದು ಬಿಡಿಸಿದಳು. ಈ ಸಲ ಬಟಾಣಿಯ ಬುಟ್ಟಿಯನ್ನು ಬೇಕೆಂದೇ ಬಲಗಡೆಯ ಕೆಳಮೂಲೆಗೆ ತಂದು ಕೂರಿಸಿದಳು. ಅತ್ತೆ ಇನ್ನೂ ಆ ಪ್ರಶ್ನೆಯ ಸಿಟ್ಟಿನಲ್ಲೇ ನಿದ್ದೆ ಹೋಗಿದ್ದಳು.

ಸೋಮವಾರ ಆರು ಕಟ್ಟು ಕರಡನ್ನು ಎರಡೂ ತೋಳಿನಲ್ಲಿ ಹೊತ್ತು ಸಂಪಾದಕನ ಕೋಣೆಗೆ ಹೋದಳು. ಒಂದು ಕರಡು, ಪಕ್ಕದಲ್ಲಿ ಅದೇ ವಾರದ ಅಚ್ಚಾದ ಪುಟ. ಮತ್ತೊಂದು ಕರಡು, ಮತ್ತೊಂದು ಪುಟ. ಅವಳು ಬರೀ ಜೋಡಿಸುತ್ತ ಹೋದಳು. ಹತ್ತನೆಯ ಜೋಡಿಗೆ ಸಂಪಾದಕ ಕೂತ. ಇಪ್ಪತ್ತನೆಯದಕ್ಕೆ ಎದ್ದು ಬಾಗಿಲು ಮುಂದೆ ಮಾಡಿದ. ನಡುಗುವ ಸುತ್ತು, ಕಡ್ಡಿ, 'ಇಲ್ಲಿ ಬೀಳುತ್ತಾನೆ' ಎಂಬುದರ ಮೇಲೆ ಕೈಯಿಟ್ಟು, "ದೇವರೇ," ಎಂದ ಮೆಲ್ಲಗೆ.

ಅವನು ಯೋಚಿಸಿದ್ದು ಬಹಳ ಹೊತ್ತಲ್ಲ. "ಅಕ್ಕಾ, ಮುನ್ನುಡಿ ಒಂದು ಬಿಟ್ಟು ಪುಸ್ತಕ ಎಲ್ಲಾ ಅಚ್ಚಿಗೆ ಹೋಗಿದೆ. ಮುಖಪುಟವೂ ಈ ಆರು ವರ್ಷದ್ದೇ. ಇದು ಹೊರಗೆ ಬಂದ್ರೆ ಆ ಮುದುಕರನ್ನ ಜನ ಬಿಡಲ್ಲ. ಈ ವಯಸ್ಸಲ್ಲಿ ತಡ್ಕೊಳ್ಳಲ್ಲ ಅವರು." ಕರಡುಗಳನ್ನು ತನ್ನ ಕಡೆಗೆ ಎಳೆದುಕೊಂಡ. "ನಿಮ್ಮ ತೂಕಡಿಕೆ ಅತ್ತೆ ತಗೋತೀನಿ. ಕೊನೇ ಪುಟ ನಿಮ್ಮದು. ನಿಮ್ಮ ಹೆಸರಲ್ಲೇ, ದೊಡ್ಡ ಅಕ್ಷರದಲ್ಲಿ. ಈ ಕರಡು ಮಾತ್ರ ಇಲ್ಲೇ ಬಿಟ್ಟು ಹೋಗಿ."

ಹಿಂದಿನ ಆರು ವರ್ಷ ಕೊಟ್ಟು ಮುಂದಿನದನ್ನು ತೆಗೆದುಕೊಳ್ಳುವುದು. ಅನ್ಯಾಯ ಎಂದು ಅವಳಿಗೆ ಗೊತ್ತಿತ್ತು. ಮೇಜು ಗುದ್ದಬೇಕಿತ್ತು ಎಂದೂ ಗೊತ್ತಿತ್ತು. ಆದರೆ ಪೆನ್ನಿನ ಮುಚ್ಚಳ ಎರಡು ಸಲ ತಪ್ಪಿದ್ದು ಕಣ್ಣ ಮುಂದೆ ಬಂತು. ನಿಜ ಹೇಳಬೇಕೆಂದರೆ ಅದೊಂದೇ ಅಲ್ಲ, ಅವಳಿಗೆ ಸಾಕಾಗಿತ್ತು. ಕಟ್ಟುಗಳನ್ನು ಮೇಜಿನ ಮೇಲೇ ಬಿಟ್ಟು, ಬಟಾಣಿ ಬುಟ್ಟಿಯ ಹಾಳೆಯನ್ನು ಅದರ ಮೇಲಿಟ್ಟು, ಹೊರಗೆ ಬಂದಳು. ಕೈ ಹಗುರವಾಗಿತ್ತು, ಮನಸ್ಸು ಆಗಿರಲಿಲ್ಲ.

ಪುಸ್ತಕ ಬಂತು. ಮೇಷ್ಟ್ರ ಹೆಸರು ಹೊನ್ನಿನ ಬಣ್ಣದಲ್ಲಿತ್ತು, ಮುನ್ನುಡಿಯಲ್ಲಿ ಅವರ ದೊಡ್ಡತನದ ಮಾತಿತ್ತು. ಅದಾದ ಮುಂದಿನ ವಾರದಿಂದ ಕೊನೆಯ ಪುಟದಲ್ಲಿ ತೂಕಡಿಕೆ ಅತ್ತೆ ಬಂದಳು, ಶಾಯಕ್ಕನ ಹೆಸರಿನೊಂದಿಗೆ. ಅತ್ತೆ ಆ ಪುಟವನ್ನು ಕಿಟಕಿಯ ಗಾಜಿಗೆ ಒಳಗಡೆಯಿಂದ ಅಂಟಿಸಿದಳು, ಬೀದಿಯವರಿಗೆ ಓದಲು ಬರುವ ಹಾಗೆ.

ಮೂರನೆಯ ವಾರ ಪತ್ರಗಳು ಬಂದವು. ಮಕ್ಕಳ ಪತ್ರಕ್ಕೆ ಚಿತ್ರಕಾರರೇ ಒಂದು ಕಾರ್ಡಿನಲ್ಲಿ ಉತ್ತರ ಬರೆಯುವುದು ಆ ಪತ್ರಿಕೆಯ ಪದ್ಧತಿ. ಮೊದಲ ಸಲ ಅವಳ ಹೆಸರಿಗೆ ಬಂದ ಪತ್ರಗಳು, ಒಟ್ಟು ಹದಿನಾಲ್ಕು. ಅವಳು ಕುರ್ಚಿ ಎಳೆದು ನೆಟ್ಟಗೆ ಕೂತು ಒಂದೊಂದಾಗಿ ಒಡೆದಳು. ಐದನೆಯದು ಹನ್ನೊಂದು ವರ್ಷದ ಹುಡುಗಿಯದು, ಗೆರೆ ಹಾಕಿದ ಹಾಳೆಯಲ್ಲಿ ನೀಲಿ ಅಕ್ಷರ.

'ಆಂಟಿ, ತೂಕಡಿಕೆ ಅತ್ತೆ ಚೆನ್ನಾಗಿದ್ದಾಳೆ. ನಾನು ನಾಲ್ಕು ಸಲ ಓದಿದೆ. ನೀವು ಮೇಷ್ಟ್ರನ್ನು ನೋಡಿ ಕಲಿತಿದ್ದೀರಿ ಅಂತ ಗೊತ್ತಾಗುತ್ತದೆ. ಅವರಷ್ಟು ಜೀವ ಇನ್ನೂ ಬಂದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಾನೂ ಚಿತ್ರ ಬಿಡಿಸುತ್ತೇನೆ. ದಿನಾ ಬಿಡಿಸಿದರೆ ನಮ್ಮದೇ ಕೈ ಬರುತ್ತದೆ ಅಂತ ನಮ್ಮ ಡ್ರಾಯಿಂಗ್ ಮಿಸ್ ಹೇಳುತ್ತಾರೆ. ಜೊತೆಗಿರುವುದು ನಾನು ಮೇಷ್ಟ್ರ ಪುಸ್ತಕ ನೋಡಿ ಬಿಡಿಸಿದ ಕೊಡೆ ತಾತ. ಹೇಗಿದೆ ಹೇಳಿ.'

ಮಡಿಸಿದ ಹಾಳೆಯೊಳಗೆ ಕೊಡೆ ತಾತ ಇದ್ದ. ಕೊಡೆ ಸೊಟ್ಟಗಿತ್ತು, ಕಿವಿ ಒಂದು ಮರೆತುಹೋಗಿತ್ತು. ಆದರೆ ಗೆರೆ ಕೆಳಗೆ ದಪ್ಪ, ಮೇಲೆ ತೆಳು. ರೆಪ್ಪೆ ಪೂರ್ತಿ ಮುಚ್ಚಿರಲಿಲ್ಲ. ಬರಿಗಾಲು, ಹೆಬ್ಬೆರಳು ನೆಟ್ಟಗೆ ನಿಂತಿತ್ತು. ಎಲ್ಲೋ ಒಂದು ಮನೆಯಲ್ಲಿ ಒಂದು ಮಗು ಮೊಣಕಾಲಿನ ಮೇಲೆ ಪುಸ್ತಕ ಇಟ್ಟುಕೊಂಡು, ನಾಲಗೆ ಹೊರಗೆ ಹಾಕಿ, ಶಾಯಕ್ಕನ ಗೆರೆಯನ್ನೇ ಕಲಿಯುತ್ತಿತ್ತು, ಅವಳಿಗಿನ್ನೂ ಅಭ್ಯಾಸ ಸಾಲದು ಎಂದು ಧೈರ್ಯ ಹೇಳುತ್ತ.

ಅವಳಿಗೆ ಸಂಕಟವಾಯಿತು. ಸಂತೋಷವೂ ಆಯಿತು, ಅದನ್ನು ಸುಳ್ಳೆನ್ನಲು ಆಗದು. ಎರಡೂ ಒಟ್ಟಿಗೇ ಬಂದಾಗ ಏನು ಮಾಡಬೇಕೆಂದು ತಿಳಿಯದೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಸತ್ಯ ಬರೆಯುವ ಹಾಗಿರಲಿಲ್ಲ. ಸುಳ್ಳು ಬರೆಯಲು ಮನಸ್ಸಿರಲಿಲ್ಲ. ಬಹಳ ಹೊತ್ತು ನಿಬ್ಬನ್ನು ಶಾಯಿಯಲ್ಲಿ ಅದ್ದುತ್ತ, ಒಣಗಿಸುತ್ತ ಕೂತಿದ್ದು, ಕಡೆಗೆ ಬರೆದಳು.

'ಮಗಳೇ, ಚಿತ್ರ ಬಹಳ ಚೆನ್ನಾಗಿದೆ. ಒಂದು ಕಿವಿ ಮರೆತಿದ್ದೀಯ, ಹಾಕಿಬಿಡು. ನಿಮ್ಮ ಮಿಸ್ ಹೇಳಿದ್ದು ನಿಜ. ದಿನಾ ಬಿಡಿಸಿದರೆ ನಮ್ಮದೇ ಕೈ ಬರುತ್ತದೆ. ಬಂದಾಗ ಗುರುತು ಹಿಡಿ, ಸುಮ್ಮನೆ ಹೋಗಲು ಬಿಡಬೇಡ. ನಾನೂ ಅಭ್ಯಾಸ ಮಾಡುತ್ತಿದ್ದೇನೆ.'

ಓದಿ ನೋಡಿದಳು. ಕೊನೆಯ ಸಾಲನ್ನು ಹೊಡೆದುಹಾಕೋಣವೆಂದು ನಿಬ್ಬು ಎತ್ತಿದಳು, ಆಮೇಲೆ ಬಿಟ್ಟಳು. ಕಾರ್ಡಿನ ಮೇಲೆ ವಿಳಾಸ ಬರೆದು, ಆರನೆಯ ಪತ್ರ ಒಡೆದಳು.